ಶಾಲೆಯ ಚಿತ್ರಗಳಿಗೆ ಸ್ವಂತ ಮನೆ ಬೇಕು

ಒಂದು ವಿದ್ಯಾಸಂಸ್ಥೆಯ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಆಧಾರವಾಗಿ ಒದಗುವ ಸಾಮಗ್ರಿ ಮುಖ್ಯವಾಗಿ ಮೂರು ತೆರನಾದುದು: ದಾಖಲಾತಿ ಪುಸ್ತಕಗಳು, ಆಡಳಿತ ಮಂಡಳಿಯ ನಡವಳಿಗಳು ಮತ್ತು ಛಾಯಾಚಿತ್ರಗಳು. ಇವುಗಳಲ್ಲಿ ಮೊದಲಿನ ಎರಡನ್ನು ಕಾಪಾಡುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ದಾಖಲಾತಿ ಪುಸ್ತಕವನ್ನು ಯಾವ ಮುಖ್ಯೋಪಾಧ್ಯಾಯರೂ ತಮ್ಮ ಮನೆಗೆ ಒಯ್ಯುವುದಿಲ್ಲ. ನಿವೃತ್ತರಾಗುವ ದಿನ ಪಟ್ಟಿ ಮಾಡಿ, ಸಹಿ ಹಾಕಿ, ಮುಂದಿನವರಿಗೆ ಚಾರ್ಜು ಒಪ್ಪಿಸಿಯೇ ಹೊರಡುತ್ತಾರೆ. ಛಾಯಾಚಿತ್ರಗಳ ವಿಷಯದಲ್ಲಿ ಮಾತ್ರ ಇಂತಹ ಕಟ್ಟುಪಾಡು ಯಾವುದೂ ಇಲ್ಲ. ಹಿಂದಿನ ತಲೆಮಾರಿನ ಸಮೂಹ ಚಿತ್ರಗಳು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ಕುಳಿತಿರುವುದರಿಂದ, ಬಣ್ಣ ಮಾಸಿದರೂ, ಅಂಚಿಗೆ ಗೆದ್ದಲು ತಗುಲಿದರೂ, ಇನ್ನೂ ಉಳಿದಿವೆ. ಅವುಗಳಿಗಿಂತ ಸಾವಿರಪಾಲು ಹೆಚ್ಚು ಸಂಖ್ಯೆಯಲ್ಲಿ ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ತೆಗೆದ ಚಿತ್ರಗಳು ಎಲ್ಲಿವೆ ಎಂದು ಕೇಳಿದರೆ, ಒಬ್ಬ ಶಿಕ್ಷಕರ ಫೋನಿನಲ್ಲಿ, ಊರಿನ ಸ್ಟುಡಿಯೋದವರ ಕಂಪ್ಯೂಟರಿನಲ್ಲಿ, ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಂಬ ಚದುರಿದ ಉತ್ತರಗಳೇ ಬರುತ್ತವೆ.

ಸ್ಮರಣ ಸಂಚಿಕೆಗಳ ಸಂಪಾದಕ ಮಂಡಳಿಗಳಲ್ಲಿ ದುಡಿದವರಿಗೆಲ್ಲ ಇದರ ಫಲ ಚೆನ್ನಾಗಿ ಗೊತ್ತು. ಚಿತ್ರ ಬೇಕೆಂದು ಕೇಳಿದರೆ ಪ್ರೀತಿಯಿಂದ ಹತ್ತಾರು ಜನ ಕಳುಹಿಸುತ್ತಾರೆ. ಆದರೆ ಬಂದುದನ್ನು ಅಚ್ಚಿಗೆ ಕೊಟ್ಟಾಗ ಮುಖಗಳೆಲ್ಲ ಮಬ್ಬು. ವಾಟ್ಸ್‌ಆ್ಯಪ್ ಮೂಲಕ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಮೂಲ ಚಿತ್ರವಲ್ಲ, ಅದರ ಕುಗ್ಗಿಸಿದ ಪ್ರತಿ. ನಾಲ್ಕು ಸಾವಿರ ಚುಕ್ಕಿಗಳ ಅಗಲವಿದ್ದ ಚಿತ್ರ 1600 ಚುಕ್ಕಿಗಳಿಗೆ ಇಳಿಯಿತೆಂದರೆ, ಅಂಗುಲಕ್ಕೆ 300 ಚುಕ್ಕಿಗಳಂತೆ ಮುದ್ರಿಸುವಾಗ ಹದಿಮೂರು ಅಂಗುಲ ಅಗಲಕ್ಕೆ ಸಾಲಬೇಕಿದ್ದದ್ದು ಐದು ಅಂಗುಲ ಚಿಲ್ಲರೆಗೆ ಬಂದು ನಿಲ್ಲುತ್ತದೆ. ಅದಕ್ಕಿಂತಲೂ ದೊಡ್ಡ ನಷ್ಟವೆಂದರೆ, ಚಿತ್ರ ತೆಗೆದ ದಿನಾಂಕ ಮೊದಲಾಗಿ ಕಡತದೊಳಗೆ ಕ್ಯಾಮೆರಾ ಬರೆದಿಟ್ಟ ವಿವರಗಳು ದಾರಿಯಲ್ಲಿಯೇ ಕಳಚಿಹೋಗುತ್ತವೆ. ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಈ ಹಾನಿ ಆಗುವುದಿಲ್ಲ. ಆದರೆ ಈ ಸಣ್ಣ ಗುಟ್ಟನ್ನು ಬಲ್ಲವರು ಕಡಿಮೆ, ಬಲ್ಲವರಲ್ಲಿ ಪಾಲಿಸುವವರು ಇನ್ನೂ ಕಡಿಮೆ.

ಶಾಲೆಯು ತನ್ನ ಚಿತ್ರಗಳನ್ನು ತನ್ನದೇ ಆವರಣದಲ್ಲಿ, ತನ್ನದೇ ಯಂತ್ರದಲ್ಲಿ ಇಟ್ಟುಕೊಳ್ಳಬೇಕು. ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಅಲ್ಲಿಗೇ ಚಿತ್ರಗಳನ್ನು ಏರಿಸಿ, ಅಲ್ಲಿಂದಲೇ ನೋಡುವಂತಾಗಬೇಕು ಎಂಬುದು ನನ್ನ ಅಭಿಪ್ರಾಯ. ಇಂತಹ ಯಂತ್ರಕ್ಕೆ ಸರ್ವರ್ ಎಂಬ ಹೆಸರು ಈಗ ಎಲ್ಲರ ಬಾಯಲ್ಲಿಯೂ ಇದೆ. ಆದರೆ ಯಂತ್ರವನ್ನು ಕೊಂಡುಕೊಳ್ಳುವುದು ಈ ಕೆಲಸದ ಅತ್ಯಂತ ಚಿಕ್ಕ ಭಾಗ. ಅದನ್ನು ವರ್ಷ ವರ್ಷವೂ ನಡೆಸಿಕೊಂಡು ಹೋಗುವ ಹೊಣೆಯನ್ನು ಹೊರಲು ಸಂಸ್ಥೆ ಸಿದ್ಧವಿಲ್ಲದಿದ್ದರೆ, ಸರ್ವರನ್ನು ಸ್ಥಾಪಿಸದಿರುವುದೇ ಮೇಲು ಎಂಬುದನ್ನೂ ಇದರ ಜೊತೆಗೇ ಹೇಳಬೇಕಾಗಿದೆ.

ಪುಕ್ಕಟೆಯಾಗಿ ಚಿತ್ರಗಳನ್ನು ಇಟ್ಟುಕೊಳ್ಳುವ ದೊಡ್ಡ ದೊಡ್ಡ ಸಂಸ್ಥೆಗಳು ಇರುವಾಗ ನಮಗೇಕೆ ಈ ಗೋಜು ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದುದೇ. ಆದರೆ ಪುಕ್ಕಟೆ ಸೇವೆಗಳ ಹಿಂದಿನ ನಡೆಯನ್ನೊಮ್ಮೆ ನೋಡಬೇಕು. ನಮ್ಮ ದೇಶದ ತರುಣರೆಲ್ಲ ಮುಗಿಬಿದ್ದು ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿಹೋಯಿತು. ಫೋಟೋಬಕೆಟ್ ಎಂಬ ಅಮೆರಿಕದ ತಾಣದಲ್ಲಿ ಚಿತ್ರಗಳನ್ನಿಟ್ಟು ಬೇರೆ ಬೇರೆ ಪುಟಗಳಲ್ಲಿ ಅವುಗಳನ್ನು ತೋರಿಸುತ್ತಿದ್ದ ಜನಕ್ಕೆ, 2017ರಲ್ಲಿ, ಇನ್ನು ಮುಂದೆ ಹಾಗೆ ತೋರಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ತೆರಬೇಕು ಎಂಬ ಆಜ್ಞೆ ಬಂದಿತು. ತೆರಲಾರದವರ ಪುಟಗಳಲ್ಲಿ ಚಿತ್ರಗಳಿದ್ದ ಜಾಗದಲ್ಲೆಲ್ಲ ಹಣ ಕೇಳುವ ಫಲಕವೊಂದು ಕಾಣಿಸಿಕೊಂಡಿತು. ಫ್ಲಿಕರ್ 2013ರಲ್ಲಿ ಒಂದು ಟೆರಾಬೈಟ್ ಜಾಗವನ್ನು ಉಚಿತವಾಗಿ ಕೊಟ್ಟಿತು. ಅದರ ಒಡೆತನ ಬದಲಾದ ಮೇಲೆ 2019ರಲ್ಲಿ ಉಚಿತ ಖಾತೆಗೆ ಒಂದು ಸಾವಿರ ಚಿತ್ರಗಳ ಮಿತಿ ಬಂದಿತು. 2015ರಲ್ಲಿ ಆರಂಭವಾದ ಗೂಗಲ್ ಫೋಟೋಸ್, ಮಿತಿಯಿಲ್ಲದೆ ಚಿತ್ರಗಳನ್ನು ಇರಿಸಿಕೊಳ್ಳುವ ಉದಾರತೆಯನ್ನು 2021ರ ಜೂನ್ 1ಕ್ಕೆ ಕೊನೆಗೊಳಿಸಿತು. ವಿದ್ಯಾಸಂಸ್ಥೆಗಳಿಗೆಂದೇ ಅದೇ ಕಂಪನಿ ಕೊಟ್ಟಿದ್ದ ಮಿತಿಯಿಲ್ಲದ ಜಾಗ ಕೂಡ 2022ರಿಂದ ಸಂಸ್ಥೆಯೊಂದಕ್ಕೆ 100 ಟೆರಾಬೈಟ್ ಎಂದು ನಿಗದಿಯಾಯಿತು. ಒಂದು ಪ್ರೌಢಶಾಲೆಗೆ ಅದು ಧಾರಾಳವಾಗಿ ಸಾಕು ಎಂಬುದು ನಿಜ. ಆದರೆ ಇಂದು ನೂರಾದುದು ನಾಳೆ ಎಷ್ಟಾಗಬೇಕೆಂಬುದನ್ನು ನಿರ್ಧರಿಸುವ ಸಭೆಯಲ್ಲಿ ನಮಗೆ ಕುರ್ಚಿ ಇಲ್ಲ. ಇಲ್ಲಿ ಯಾರನ್ನೂ ದೂರುವ ಉದ್ದೇಶವಿಲ್ಲ. ವ್ಯಾಪಾರ ಮಾಡುವವರು ವ್ಯಾಪಾರದ ಲೆಕ್ಕದಲ್ಲಿ ನಡೆಯುತ್ತಾರೆ. ಬಾಡಿಗೆಯ ಮನೆಯಲ್ಲಿ ಇರುವವನು ಮಾಲೀಕನ ಮಾತು ಬದಲಾಯಿತೆಂದು ಅಳುವುದರಲ್ಲಿ ಅರ್ಥವಿಲ್ಲ. ಬಾಡಿಗೆಯನ್ನೇ ಕೊಡದೆ ಇದ್ದವನಂತೂ ಬಾಯಿ ತೆರೆಯುವಂತೆಯೇ ಇಲ್ಲ.

ಇದಕ್ಕಿಂತ ಹತ್ತಿರದ ಅಪಾಯವೊಂದಿದೆ. ಅನೇಕ ಶಾಲೆಗಳಲ್ಲಿ ಚಿತ್ರಗಳಿರುವುದು ಶಾಲೆಯ ಖಾತೆಯಲ್ಲಿಯೂ ಅಲ್ಲ, ಉತ್ಸಾಹಿಗಳಾದ ಒಬ್ಬ ಶಿಕ್ಷಕರ ಸ್ವಂತ ಖಾತೆಯಲ್ಲಿ. ಅವರು ನಿವೃತ್ತರಾದಾಗ ಶಾಲು ಹೊದಿಸಿ ಬೀಳ್ಕೊಡುತ್ತೇವೆ. ಅವರ ಫೋನಿನೊಂದಿಗೆ ಹತ್ತು ವರ್ಷಗಳ ವಾರ್ಷಿಕೋತ್ಸವಗಳೂ ಹೊರಟುಹೋಗುತ್ತವೆ. ಎರಡು ವರ್ಷಗಳ ಕಾಲ ಬಳಸದ ವೈಯಕ್ತಿಕ ಖಾತೆಗಳನ್ನು ಅವುಗಳಲ್ಲಿರುವ ಚಿತ್ರಗಳ ಸಮೇತ ಅಳಿಸಿಹಾಕುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿ, ಆ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿದೆ. ವೃದ್ಧಾಪ್ಯದಲ್ಲಿ ಪಾಸ್‌ವರ್ಡ್ ಮರೆತವರ, ಅಥವಾ ಕಾಲವಾದವರ ಖಾತೆಗಳ ಗತಿ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಸ್ವಂತ ಸರ್ವರ್ ಎಂಬುದು ಸರ್ವರೋಗಕ್ಕೂ ಮದ್ದು ಎಂದು ಭಾವಿಸುವುದು ತಪ್ಪಾದೀತು. ಕೆಡದಂತೆ ಕಾಪಾಡುವ ಕೌಶಲದಲ್ಲಿ ಆ ದೊಡ್ಡ ಕಂಪನಿಗಳಿಗೆ ನಾವು ಸಾಟಿಯಾಗಲಾರೆವು. ಅವರಲ್ಲಿ ಒಂದು ಡಿಸ್ಕು ಸತ್ತರೆ ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಿ ಸತ್ತರೆ ಊರಿಗೆಲ್ಲ ತಿಳಿಯುತ್ತದೆ. ಅವರು ಬಲ್ಲದ್ದು ಕಾಪಾಡುವುದನ್ನು. ಯಾವುದನ್ನು, ಯಾರಿಗಾಗಿ, ಎಷ್ಟು ಕಾಲ ಕಾಪಾಡಬೇಕು ಎಂಬುದನ್ನು ಅವರು ನಮ್ಮ ಪರವಾಗಿ ನಿರ್ಧರಿಸಲಾರರು. ಈ ಎರಡನೆಯದು ಸಂಸ್ಥೆಯದೇ ಕರ್ತವ್ಯ.

ಇನ್ನು ಯಂತ್ರದ ಮಾತು. ಸರ್ವರ್ ಎಂದೊಡನೆ ತಣ್ಣನೆಯ ಕೋಣೆಯಲ್ಲಿ ಮಿನುಗುವ ದೀಪಗಳ ಕಪಾಟುಗಳನ್ನು ಊಹಿಸಿಕೊಂಡು ಹೆದರಬೇಕಾಗಿಲ್ಲ. ಪುಸ್ತಕದ ಗಾತ್ರದ ಒಂದು ಚಿಕ್ಕ ಕಂಪ್ಯೂಟರ್, ಎರಡು ಹಾರ್ಡ್ ಡಿಸ್ಕುಗಳು, ಒಂದು ಯುಪಿಎಸ್, ಇಷ್ಟೇ ಸಾಕು. ಇಂತಹ ಯಂತ್ರ ಸರಾಸರಿ 15 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆಂದು ಇಟ್ಟುಕೊಂಡರೆ, ಹಗಲಿರುಳು ನಡೆದರೂ ವರ್ಷಕ್ಕೆ ಸುಮಾರು 131 ಯೂನಿಟ್ ಆಗುತ್ತದೆ. ಜಾಗದ ಲೆಕ್ಕವೂ ಭಯ ಹುಟ್ಟಿಸುವಂಥದಲ್ಲ. ಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕೆ ನಾಲ್ಕು ಮೆಗಾಬೈಟ್ ಎಂದು ಹಿಡಿದು, ವರ್ಷಕ್ಕೆ ಎರಡು ಸಾವಿರ ಚಿತ್ರಗಳನ್ನು ಆರಿಸಿ ಇಟ್ಟರೆ ಎಂಟು ಗಿಗಾಬೈಟ್; ಇಪ್ಪತ್ತೈದು ವರ್ಷಕ್ಕೆ ಇನ್ನೂರು. ಆರು ಅಂಗುಲಕ್ಕೆ ನಾಲ್ಕು ಅಂಗುಲದ ಹಳೆಯ ಚಿತ್ರವೊಂದನ್ನು ಅಂಗುಲಕ್ಕೆ 600 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿ, ಸ್ವಲ್ಪವೂ ಕುಗ್ಗಿಸದೆ ಇಟ್ಟರೆ 26 ಮೆಗಾಬೈಟ್ ಹಿಡಿಯುತ್ತದೆ. ಹನ್ನೆರಡಕ್ಕೆ ಹತ್ತು ಅಂಗುಲದ ಸಮೂಹ ಚಿತ್ರವಾದರೆ ಸುಮಾರು 130. ಇಡೀ ಸಂಸ್ಥೆಯ ಚಿತ್ರಸಂಪತ್ತು ಎರಡು ಟೆರಾಬೈಟಿನ ಒಂದು ಡಿಸ್ಕಿನಲ್ಲಿ ಅಡಗಿಹೋಗುತ್ತದೆ. ಒಂದು ತರಗತಿಗೆ ಬೆಂಚುಗಳನ್ನು ಮಾಡಿಸುವ ವೆಚ್ಚಕ್ಕಿಂತ ಈ ಸಲಕರಣೆಗಳ ವೆಚ್ಚ ಹೆಚ್ಚಾಗಲಾರದು.

ಇದರ ಮೇಲೆ ನಡೆಯುವ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಲಿನಕ್ಸ್ ಇದೆ, ಅದರ ಮೇಲೆ ಪಿವಿಗೊ ಎಂಬುದಿದೆ. ಈ ಪಿವಿಗೊ 2002ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿ, ಇಪ್ಪತ್ತು ವರ್ಷಗಳಿಗೂ ಮೀರಿ ಬಾಳಿ ಬಂದಿದೆ. ಇದರಲ್ಲಿ ಆಲ್ಬಮುಗಳನ್ನು ಗಿಡದ ಕೊಂಬೆಗಳಂತೆ ಕವಲೊಡೆಸಬಹುದು, ಯಾವ ಆಲ್ಬಮನ್ನು ಯಾವ ಗುಂಪಿನವರು ನೋಡಬಹುದೆಂದು ಗೊತ್ತುಪಡಿಸಬಹುದು. ಇದಕ್ಕೆ ಸೇರಿಸಿಕೊಳ್ಳಬಹುದಾದ ಕಮ್ಯುನಿಟಿ ಎಂಬ ಉಪಾಂಗದಿಂದ, ಹಳೆಯ ವಿದ್ಯಾರ್ಥಿಗಳು ಏರಿಸಿದ ಚಿತ್ರಗಳು ಮೇಲ್ವಿಚಾರಕರು ಒಪ್ಪಿದ ಮೇಲೆಯೇ ಪ್ರಕಟವಾಗುವಂತೆ ಮಾಡಬಹುದು. ಇಮ್ಮಿಚ್ ಎಂಬ ಇನ್ನೊಂದು ತಂತ್ರಾಂಶ 2022ರಲ್ಲಿ ಆರಂಭವಾಗಿ ಬಹುಬೇಗ ಹೆಸರು ಮಾಡಿದೆ. ಗೂಗಲ್ ಫೋಟೋಸಿನ ಬಳಕೆಯಿದ್ದವರಿಗೆ ಅದು ಕೂಡಲೆ ಒಗ್ಗುತ್ತದೆ. ಮುಖಗಳನ್ನು ಗುರುತಿಸಿ ಒಬ್ಬರ ಚಿತ್ರಗಳನ್ನೆಲ್ಲ ಒಂದೆಡೆ ಸೇರಿಸುವ ಕೆಲಸವನ್ನು ಹೊರಗಿನ ಯಾರ ನೆರವೂ ಇಲ್ಲದೆ ನಮ್ಮ ಯಂತ್ರದಲ್ಲಿಯೇ ಮಾಡುತ್ತದೆ. ಮನೆಮಂದಿಯ ಫೋನುಗಳ ಚಿತ್ರಗಳಿಗೆ ಅದು ಉತ್ತಮ. ಶಾಲೆಗೆ ಮಾತ್ರ ನಾನು ಪಿವಿಗೊವನ್ನೇ ಆರಿಸುತ್ತೇನೆ. ಶಾಲೆಗೆ ಬೇಕಾದುದು ಚುರುಕಿಗಿಂತ ಹೆಚ್ಚಾಗಿ ವಿಂಗಡಣೆ ಮತ್ತು ಅನುಮತಿಗಳ ಶಿಸ್ತು.

ಈ ಯಂತ್ರವನ್ನು ಆವರಣದ ಹೊರಗಿನವರು ತಲುಪುವ ಬಗೆ ಹೇಗೆ ಎಂಬಲ್ಲಿ ಒಂದು ತೊಡಕು ಎದುರಾಗುತ್ತದೆ. ನಮ್ಮ ಅನೇಕ ಬ್ರಾಡ್‌ಬ್ಯಾಂಡ್ ಕಂಪನಿಗಳು ಹಲವಾರು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂಡಿಸಿರುತ್ತವೆ. ವಠಾರದ ಹೆಸರು ಗೊತ್ತಿದ್ದು ಮನೆಯ ಸಂಖ್ಯೆ ಗೊತ್ತಿಲ್ಲದ ಪತ್ರದಂತೆ, ಹೊರಗಿನಿಂದ ಬಂದ ಕೋರಿಕೆ ನಮ್ಮ ಯಂತ್ರದವರೆಗೆ ಬರುವುದೇ ಇಲ್ಲ. ಕಂಪನಿಗೆ ಹೆಚ್ಚಿನ ಹಣ ಕೊಟ್ಟು ಸ್ಥಿರ ವಿಳಾಸವನ್ನು ಪಡೆಯುವುದು ಒಂದು ದಾರಿ. ವೈರ್‌ಗಾರ್ಡ್ ಎಂಬ ಗುಪ್ತಮಾರ್ಗದ ಮೂಲಕ, ಬಾಡಿಗೆಗೆ ಪಡೆದ ಹೊರಗಿನ ಚಿಕ್ಕ ಸರ್ವರೊಂದಕ್ಕೆ ನಮ್ಮ ಯಂತ್ರವನ್ನು ಬೆಸೆದು, ಬರುವವರು ಆ ಬಾಗಿಲಿನಿಂದ ಬರುವಂತೆ ಮಾಡುವುದು ಇನ್ನೊಂದು. ಮೊದಲ ಒಂದು ವರ್ಷ ಇದಾವುದನ್ನೂ ಮಾಡದೆ ಆವರಣದೊಳಗಷ್ಟೇ ನಡೆಸಿ ಅನುಭವ ಪಡೆಯುವುದು ಮೂರನೆಯದು. ಅವಸರದ ಉದ್ಘಾಟನೆಗಳಿಂದ ಆದ ಹಾನಿಗಳನ್ನು ನೆನೆದರೆ ಈ ಮೂರನೆಯದೇ ವಿವೇಕದ ದಾರಿಯೆಂದು ತೋರುತ್ತದೆ.

ಬಾಗಿಲು ತೆರೆದ ಬಳಿಕ ಬರುವವರೆಲ್ಲ ಸಜ್ಜನರಾಗಿರುವುದಿಲ್ಲ. ಹೊರಗಿನವರು ಕಡತಗಳನ್ನು ತಂದು ಇಡಬಹುದಾದ ಯಾವ ಸರ್ವರೇ ಆಗಲಿ ದುಷ್ಟರ ಕಣ್ಣಿಗೆ ಬಹುಬೇಗ ಬೀಳುತ್ತದೆ. ಚಿತ್ರವೆಂದು ಹೆಸರಿಟ್ಟು ಬೇರೆ ಏನನ್ನಾದರೂ ಏರಿಸಬಹುದು. ಕಡತದ ಹೆಸರಿನ ಕೊನೆಯ ಮೂರಕ್ಷರಗಳನ್ನು ನಂಬುವುದು, ಅಂಗಡಿಯ ಫಲಕವನ್ನು ನೋಡಿ ಸರಕನ್ನು ನಂಬಿದಂತೆ. ಕಡತದ ಒಡಲಿನ ಮೊದಲ ಕೆಲವು ಬೈಟುಗಳನ್ನು ಪರೀಕ್ಷಿಸಿ ಅದು ನಿಜವಾಗಿ ಚಿತ್ರವೇ ಎಂದು ತಿಳಿಯಬೇಕು. ಪಿಎನ್‌ಜಿ ಕಡತವಾದರೆ ಅದರ ಎರಡನೆಯ, ಮೂರನೆಯ, ನಾಲ್ಕನೆಯ ಬೈಟುಗಳಲ್ಲಿ ಅದರ ಹೆಸರಿನ ಆ ಮೂರು ಅಕ್ಷರಗಳೇ ಬರೆದಿರುತ್ತವೆ. ನಿಜವಾದ ಚಿತ್ರದ ರೂಪದಲ್ಲಿಯೂ ಕೇಡು ಬರಬಹುದು. ಚಿತ್ರಗಳನ್ನು ಕಿರಿದುಗೊಳಿಸಲು ಲೋಕವೆಲ್ಲ ಬಳಸುವ ಇಮೇಜ್‌ಮ್ಯಾಜಿಕ್ ಎಂಬ ಉಪಕರಣದಲ್ಲಿ 2016ರಲ್ಲಿ ಒಂದು ದೋಷ ಬೆಳಕಿಗೆ ಬಂದಿತು. ಕುಯುಕ್ತಿಯಿಂದ ರಚಿಸಿದ ಚಿತ್ರವೊಂದನ್ನು ಏರಿಸಿದ ಮಾತ್ರದಿಂದ, ಆ ಸರ್ವರ್ ಅಪರಿಚಿತನ ಆಜ್ಞೆಗಳನ್ನು ಪಾಲಿಸುವಂತಾಗುತ್ತಿತ್ತು. ದೋಷವನ್ನು ಸರಿಪಡಿಸಿದ ಆವೃತ್ತಿ ಬೇಗನೆ ಬಂದಿತೆಂಬುದು ಸರಿ, ಆದರೆ ಅದನ್ನು ತಂದು ಹಾಕಿಕೊಳ್ಳುವವರು ಇದ್ದರಷ್ಟೇ ಪ್ರಯೋಜನ. ಅಪರಿಚಿತರಿಗೆ ಏರಿಸುವ ಹಕ್ಕನ್ನು ಎಂದಿಗೂ ಕೊಡಬಾರದು, ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಖಾತೆ ಇರಬೇಕು, ತಿಂಗಳಿಗೊಮ್ಮೆಯಾದರೂ ತಂತ್ರಾಂಶವನ್ನು ಪರಿಷ್ಕರಿಸಬೇಕು ಎಂಬ ನನ್ನ ಹಟಕ್ಕೆ ಇದೇ ಕಾರಣ.

ಮಕ್ಕಳ ವಿಷಯಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ಸ್ವಂತ ಸರ್ವರಿನ ಪರವಾದ ಎಲ್ಲಕ್ಕಿಂತ ಬಲವಾದ ವಾದ ಇರುವುದು ಇಲ್ಲಿಯೇ. ಶಾಲೆಯ ಚಿತ್ರಗಳೆಂದರೆ ಬಹುಪಾಲು ಹುಡುಗ ಹುಡುಗಿಯರ ಮುಖಗಳು. ಊರವರ ಕೈಗೆಲ್ಲ ಸಿಗುವಂತೆ ಅವುಗಳನ್ನು ಹರಡುತ್ತ ಬಂದಿದ್ದೇವೆ. ಕ್ರೀಡಾಕೂಟದಲ್ಲಿ ಬಹುಮಾನ ಪಡೆದ ಹುಡುಗಿಯ ಚಿತ್ರವನ್ನು ಬೇರೊಂದಕ್ಕೆ ಅಂಟಿಸಿ ಅವಳನ್ನು ಬೆದರಿಸುವ ನೀಚತನಕ್ಕೆ ಈಗ ಹೆಚ್ಚಿನ ಕೌಶಲವೇನೂ ಬೇಕಾಗಿಲ್ಲ. ಯಂತ್ರಗಳೇ ಅದನ್ನು ಮಾಡಿಕೊಡುತ್ತವೆ. ಮಗಳ ಚಿತ್ರವನ್ನು ಹಾಕಬೇಡಿರೆಂದು ಶಾಲೆಗೆ ಬಂದು ಕೇಳುವ ತಾಯಂದಿರನ್ನು ಹಳೆಯ ಕಾಲದವರೆಂದು ಹಗುರವಾಗಿ ಕಾಣುವುದು ಸಲ್ಲದು. ಅವರ ಭಯಕ್ಕೆ ಆಧಾರವಿದೆ. ಅವರ ಬಾಯಲ್ಲಿ ಭಯವಾಗಿರುವುದು ಕಾನೂನಿನಲ್ಲಿ ಹಕ್ಕಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳೇ. ಅವರ ದತ್ತಾಂಶವನ್ನು ಬಳಸಲು ತಂದೆತಾಯಿಯರ ಅಥವಾ ಪೋಷಕರ ದೃಢಪಡಿಸಬಲ್ಲ ಒಪ್ಪಿಗೆ ಬೇಕೆಂಬುದು ಅದರ ಸಾಮಾನ್ಯ ನಿಯಮ. ಕಾಯ್ದೆಯ ಕೆಳಗಿನ ನಿಯಮಾವಳಿ 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ಬಳಿಕ ಜಾರಿಗೆ ಬರುವಂತೆ ಗೊತ್ತುಪಡಿಸಿದೆ.

ಸ್ವಂತ ಸರ್ವರಿನಲ್ಲಿ ಈ ವಿಷಯವಾಗಿ ನಾವು ಮಾಡಬಹುದಾದುದು ಬಹಳಷ್ಟಿದೆ. ಈಗ ಓದುತ್ತಿರುವ ಮಕ್ಕಳ ಆಲ್ಬಮುಗಳನ್ನು ಆಯಾ ತರಗತಿಯ ಪೋಷಕರಿಗೆ ಮತ್ತು ಶಿಕ್ಷಕರಿಗೆ ಮಾತ್ರ ತೆರೆದಿಡಬಹುದು. ಫೋನುಗಳು ಚಿತ್ರದ ಕಡತದೊಳಗೆ ಗುಟ್ಟಾಗಿ ಬರೆದಿಡುವ ಅಕ್ಷಾಂಶ ರೇಖಾಂಶಗಳನ್ನು, ನೋಡುವವರಿಗೆ ಕೊಡುವ ಪ್ರತಿಯಿಂದ ತೆಗೆದುಹಾಕಬಹುದು. ಮಗುವಿನ ಮನೆಯಂಗಳದಲ್ಲಿ ತೆಗೆದ ಚಿತ್ರ ಅದರ ಮನೆಯ ದಾರಿಯನ್ನು ಅಪರಿಚಿತನಿಗೆ ಹೇಳಬಾರದಷ್ಟೆ. ಯಾವ ತಾಯಿಯಾದರೂ ಕೇಳಿದರೆ ಆ ದಿನವೇ ಚಿತ್ರವನ್ನು ತೆಗೆದುಹಾಕಬಹುದು. ಮುಖ ಗುರುತಿಸುವ ಸೌಕರ್ಯವಿರುವ ತಂತ್ರಾಂಶವನ್ನು ಯಾರಾದರೂ ಆರಿಸಿದರೆ, ಈಗಿನ ವಿದ್ಯಾರ್ಥಿಗಳ ಮಟ್ಟಿಗೆ ಅದನ್ನು ಮುಚ್ಚಿಡುವುದೇ ಸರಿ. ವಾಟ್ಸ್‌ಆ್ಯಪ್ ಗುಂಪಿಗೆ ಒಮ್ಮೆ ಹೋದ ಚಿತ್ರವನ್ನು ಈ ರೀತಿ ಹಿಂದಕ್ಕೆ ಕರೆಯುವ ಶಕ್ತಿ ನಮಗಿಲ್ಲ. ನೋಡಿದವರು ಉಳಿಸಿಕೊಂಡ ಪ್ರತಿಯನ್ನು ಸ್ವಂತ ಸರ್ವರೂ ತಡೆಯಲಾರದು ಎಂಬುದನ್ನು ಮಾತ್ರ ಪೋಷಕರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಹಳೆಯ ಚಿತ್ರಗಳ ಕಡೆಗೆ ತಿರುಗಿದರೆ ಸಮಸ್ಯೆ ಬೇರೆಯದು. ಅಲ್ಲಿ ಮುಖಗಳು ಹೆಚ್ಚು, ಹೆಸರುಗಳು ಕಡಿಮೆ. ಕುಳಿತವರು ಎಡದಿಂದ ಬಲಕ್ಕೆ, ನಿಂತವರು ಎಡದಿಂದ ಬಲಕ್ಕೆ ಎಂದು ಹಲಗೆಯ ಮೇಲೆ ಬರೆಸುತ್ತಿದ್ದ ಹಿಂದಿನವರ ಶ್ರದ್ಧೆಗೆ ನಾವು ಋಣಿಗಳು. ಹಾಗೆ ಬರೆಯದೆ ಉಳಿದ ಚಿತ್ರಗಳಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ನಮ್ಮ ನಡುವೆ ಇನ್ನೆಷ್ಟು ಕಾಲ ಇರುತ್ತಾರೆ? ಈ ಕೆಲಸಕ್ಕೆ ಅವಸರವಿದೆ. ಸರ್ವರ್ ಬರುವವರೆಗೂ ಕಾಯಬೇಕಾಗಿಲ್ಲ. ಇಂದೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ತೊಡಗಬಹುದು. ಚಿತ್ರಗಳನ್ನು ಸರ್ವರಿಗೆ ಏರಿಸುವಾಗ ಈ ಹೆಸರುಗಳನ್ನು ತಂತ್ರಾಂಶದ ಕೋಶದಲ್ಲಷ್ಟೇ ಇಡದೆ, ಐಪಿಟಿಸಿ ಎಂಬ ಮಾನ್ಯ ಕ್ರಮದಂತೆ ಚಿತ್ರದ ಕಡತದೊಳಗೇ ಬರೆಯಬೇಕು. ನಾಳೆ ಪಿವಿಗೊ ನಿಂತುಹೋಗಿ ಬೇರೊಂದು ಬಂದರೂ ಹೆಸರುಗಳು ಚಿತ್ರದ ಸಂಗಡ ನಡೆದುಬರುತ್ತವೆ. ನಮ್ಮ ನಾಡಿಗೇ ವಿಶಿಷ್ಟವಾದ ತೊಡಕೊಂದು ಇಲ್ಲಿದೆ. ಕಚೇರಿಗಳ ಹಳೆಯ ಪಟ್ಟಿಗಳು ಬಹುಪಾಲು ನುಡಿ, ಬರಹಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚಾಗಿವೆ. ಅವುಗಳನ್ನು ಹಾಗೆಯೇ ತಂದು ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಹೆಸರಿನಿಂದ ಹುಡುಕಿದರೆ ಏನೂ ಸಿಗುವುದಿಲ್ಲ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ, ಆ ಬಳಿಕವೇ ಸೇರಿಸಬೇಕು. ಬೇಸರದ ಕೆಲಸವೇ ಸರಿ. ಕನ್ನಡ ಶಿಕ್ಷಕರ ಕೊಠಡಿಯಲ್ಲಿ ಇದಕ್ಕೆ ಅರ್ಹರಾದವರು ಇದ್ದೇ ಇರುತ್ತಾರೆ.

ಹಳೆಯ ವಿದ್ಯಾರ್ಥಿಗಳ ಮನೆಯ ಟ್ರಂಕುಗಳಲ್ಲಿರುವ ಚಿತ್ರಗಳನ್ನು ಸಂಗ್ರಹಿಸುವಾಗ ಒಂದು ಮಾತು ನೆನಪಿಡಬೇಕು. ಹಿಂದಿರುಗಿ ಬಾರದೆಂಬ ಶಂಕೆಯಿಂದಲೇ ಅನೇಕರು ಮೂಲವನ್ನು ಕೊಡಲು ಹಿಂಜರಿಯುತ್ತಾರೆ. ಅವರು ಕಾದು ಕುಳಿತಿರುವಾಗಲೇ ಸ್ಕ್ಯಾನ್ ಮಾಡಿ ಕೈಗೆ ಮರಳಿಸುವುದಾದರೆ, ಬಹಳಷ್ಟು ಬಂದು ಸೇರುತ್ತವೆ. ಹಿಂದಿನ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾದ ಚಿತ್ರಗಳನ್ನು ಸ್ಕ್ಯಾನ್ ಮಾಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅಚ್ಚಿನ ಚುಕ್ಕಿಗಳು ಸ್ಕ್ಯಾನರಿನ ಚುಕ್ಕಿಗಳೊಡನೆ ಸೇರಿ ಮುಖಗಳ ಮೇಲೆ ಜಾಲರಿ ಹಾಸುತ್ತವೆ.

ಈ ಪರಿಶ್ರಮವೆಲ್ಲ ಒಂದು ಡಿಸ್ಕನ್ನು ನಂಬಿ ನಿಂತರೆ ವ್ಯರ್ಥ. ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ 2025ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿದ್ದು, ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ ಸಂಗ್ರಹವೊಂದರ 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು. ಅದಕ್ಕೆ ಬೇರೆಡೆಯಲ್ಲಿ ಪ್ರತಿ ಇರಲಿಲ್ಲ. ತಂತ್ರವಿದ್ಯೆಯಲ್ಲಿ ಮುಂದಿರುವ ದೇಶದ ಸರ್ಕಾರಕ್ಕೇ ಹೀಗಾಗಬಹುದಾದರೆ, ಮುಂಗಾರಿನ ಸಿಡಿಲು, ಕೈಕೊಡುವ ವಿದ್ಯುತ್ತು, ತಂತಿ ಕಡಿಯುವ ಇಲಿ ಇವೆಲ್ಲದರ ನಡುವೆ ಇರುವ ನಮ್ಮ ಕಂಪ್ಯೂಟರ್ ಕೊಠಡಿ ಯಾವ ಲೆಕ್ಕ? ಒಂದೇ ಯಂತ್ರದಲ್ಲಿ ಎರಡು ಡಿಸ್ಕುಗಳನ್ನು ಜೋಡಿಯಾಗಿ ನಡೆಸಿ ಅದನ್ನೇ ಭದ್ರತೆಯೆಂದು ಹೇಳುವ ಮಾರಾಟಗಾರರಿದ್ದಾರೆ. ಒಂದು ಡಿಸ್ಕು ಕೆಟ್ಟರೆ ಅದು ಕಾಪಾಡುತ್ತದೆ, ನಿಜ. ಆದರೆ ಕೈತಪ್ಪಿ ಒಂದು ಆಲ್ಬಮನ್ನು ಅಳಿಸಿದರೆ ಎರಡರಿಂದಲೂ ಅದೇ ಕ್ಷಣದಲ್ಲಿ ಅಳಿಯುತ್ತದೆ. ಬಲ್ಲವರು ಹೇಳುವ ಕ್ರಮ ಹೀಗಿದೆ: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಆ ಬೇರೆ ಕಟ್ಟಡ ನಾಲ್ಕು ಗೋಡೆಗಳಾಚೆಯ ಪ್ರಸಾದ ನಿಲಯವಾಗಿರದೆ ಬೇರೆ ಊರಿನ ಸೋದರ ಸಂಸ್ಥೆಯಾಗಿದ್ದರೆ ಒಳ್ಳೆಯದು. ಬೀಗ ಹಾಕಿ ಒಯ್ದ ಪ್ರತಿಯೊಂದನ್ನು ಬಾಡಿಗೆಯ ದೂರದ ಸಂಗ್ರಹದಲ್ಲಿ ಇಟ್ಟರೂ ನನ್ನ ತಕರಾರಿಲ್ಲ. ಹೊರಗಿನವರ ಜಾಗವನ್ನು ಉಗ್ರಾಣವಾಗಿ ಬಳಸುವುದು ಬೇರೆ, ಅದನ್ನೇ ಮನೆಯಾಗಿ ಮಾಡಿಕೊಳ್ಳುವುದು ಬೇರೆ.

ದಾನಿಗಳಾದ ಮಹನೀಯರಲ್ಲಿ ನನ್ನ ಬಿನ್ನಹವೊಂದಿದೆ. ನಮ್ಮಲ್ಲಿ ವಸ್ತುಗಳಿಗೆ ದಾನ ಸಿಗುವಷ್ಟು ಸುಲಭವಾಗಿ ನಿರ್ವಹಣೆಗೆ ಸಿಗುವುದಿಲ್ಲ. ಅಡುಗೆ ಮನೆಯ ಕೊಪ್ಪರಿಗೆಗಳ ಮೇಲೆ ಕೊಟ್ಟವರ ಹೆಸರುಗಳನ್ನು ಕೊರೆದಿರುವುದನ್ನು ಎಲ್ಲರೂ ನೋಡಿದ್ದೇವೆ. ಅದರ ಕೆಳಗೆ ದಿನದಿನವೂ ಉರಿದ ಸೌದೆಯ ಮೇಲೆ ಯಾರ ಹೆಸರನ್ನೂ ಕೊರೆಯಲಾಗದು. ಕಂಪ್ಯೂಟರ್ ಕೊಠಡಿಗಳನ್ನು ದಾನವಾಗಿ ಪಡೆದು, ಮೂರನೆಯ ವರ್ಷಕ್ಕೆ ಯುಪಿಎಸ್ ಬ್ಯಾಟರಿ ಬದಲಿಸಲು ಹಣವಿಲ್ಲದೆ ಬಾಗಿಲು ಹಾಕಿದ ಶಾಲೆಗಳು ನಾಡಿನಲ್ಲಿ ಕಡಿಮೆಯೇನಲ್ಲ. ಸರ್ವರಿಗೆ ಐದಾರು ವರ್ಷಗಳಿಗೊಮ್ಮೆ ಹೊಸ ಡಿಸ್ಕುಗಳು ಬೇಕು, ಮೂರು ನಾಲ್ಕು ವರ್ಷಕ್ಕೆ ಬ್ಯಾಟರಿ ಬೇಕು, ವರ್ಷ ವರ್ಷವೂ ತಾಣದ ಹೆಸರಿನ ಶುಲ್ಕ, ಬ್ರಾಡ್‌ಬ್ಯಾಂಡ್ ಬಾಡಿಗೆ ಸಲ್ಲಬೇಕು. ಯಂತ್ರದ ಬೆಲೆಯಷ್ಟೇ ಮೊತ್ತವನ್ನು ಕಾಯಂ ಠೇವಣಿಯಾಗಿ ಇಟ್ಟು, ಅದರ ಬಡ್ಡಿಯನ್ನು ಈ ಒಂದು ಕೆಲಸಕ್ಕೇ ಮೀಸಲಿಡಲು ಯಾರಾದರೂ ಮುಂದೆ ಬಂದರೆ, ಯಂತ್ರವನ್ನು ಕೊಟ್ಟವರಿಗಿಂತ ಹೆಚ್ಚಿನ ಉಪಕಾರ ಅವರದು. ಬಡ್ಡಿ ಎಲ್ಲಕ್ಕೂ ಸಾಲದೆ ಹೋಗಬಹುದು. ಉಳಿದುದನ್ನು ಹಳೆಯ ವಿದ್ಯಾರ್ಥಿಗಳ ಸಂಘ ತುಂಬಿಕೊಡುವುದು ಅಸಾಧ್ಯವೇನಲ್ಲ. ಠೇವಣಿಯಿಲ್ಲದೆ ಯಂತ್ರವೊಂದನ್ನೇ ಕೊಡಲು ಬಂದರೆ ಆಡಳಿತ ಮಂಡಳಿಯವರು ವಿನಯದಿಂದ ಬೇಡವೆನ್ನಬೇಕೆಂದು ಕೂಡ ನಾನು ಹೇಳಬಲ್ಲೆ. ಇದು ಕಠೋರವೆಂದು ತೋರಬಹುದು. ನಿಂತುಹೋದ ಸರ್ವರಿನಲ್ಲಿ ಸಿಕ್ಕಿಬಿದ್ದ ಚಿತ್ರಗಳ ಸ್ಥಿತಿ, ಎಲ್ಲಿಯೂ ಏರಿಸದೆ ಟ್ರಂಕಿನಲ್ಲೇ ಉಳಿದ ಚಿತ್ರಗಳ ಸ್ಥಿತಿಗಿಂತ ಹೀನ.

ಶಿಕ್ಷಕರಲ್ಲಿಯೂ ಒಂದು ಮಾತು. ಸರ್ವರಿನ ಮೇಲ್ವಿಚಾರಣೆ ಒಬ್ಬ ಉತ್ಸಾಹಿಯ ಹವ್ಯಾಸವಾಗಬಾರದು. ಇಬ್ಬರಿಗೆ ಸಮನಾಗಿ ಗೊತ್ತಿರಬೇಕು, ವಾರಕ್ಕೆ ಎರಡು ತರಗತಿಗಳಷ್ಟು ಹೊತ್ತನ್ನು ವೇಳಾಪಟ್ಟಿಯಲ್ಲಿಯೇ ಅದಕ್ಕಾಗಿ ಬಿಟ್ಟುಕೊಡಬೇಕು. ಸಂಜೆಯ ಬಿಡುವಿನಲ್ಲಿ ಮಾಡಿರೆಂದು ಹೇಳಿದರೆ ಅದು ಒಂದು ವರ್ಷ ನಡೆದೀತು, ಎರಡನೆಯ ವರ್ಷ ನಿಂತೀತು. ಪಾಸ್‌ವರ್ಡುಗಳನ್ನು ಬರೆದು, ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿಟ್ಟು, ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ದಾಖಲಾತಿ ಪುಸ್ತಕಗಳ ಪಕ್ಕದಲ್ಲಿ ಇರಿಸಬೇಕು. ಚಾರ್ಜು ಪಟ್ಟಿಯಲ್ಲಿ ಅದಕ್ಕೊಂದು ಕ್ರಮಸಂಖ್ಯೆ ಇರಬೇಕು. ಪ್ರತಿ ವರ್ಷ ಬೇಸಿಗೆಯ ರಜೆ ಆರಂಭವಾಗುವ ಮುನ್ನ, ಬೇರೆ ಊರಿನಲ್ಲಿಟ್ಟ ಡಿಸ್ಕನ್ನು ತರಿಸಿ, ಯಾವುದಾದರೂ ಒಂದು ವರ್ಷದ ಆಲ್ಬಮನ್ನು ಅದರಿಂದ ಬೇರೊಂದು ಕಂಪ್ಯೂಟರಿಗೆ ಇಳಿಸಿ, ಚಿತ್ರಗಳು ತೆರೆಯುತ್ತವೆಯೇ, ಹೆಸರುಗಳು ಸರಿಯಾಗಿ ಓದಲು ಬರುತ್ತವೆಯೇ ಎಂದು ಇಬ್ಬರೂ ಕುಳಿತು ನೋಡಿ, ದಿನಾಂಕ ಬರೆದು ನಡವಳಿ ಪುಸ್ತಕದಲ್ಲಿ ಸಹಿ ಹಾಕತಕ್ಕದ್ದು.